ಮಳೆಗಾಲದ ಅಡ್ವಾನ್ಸು, ತಿಂಗಳ ಎರಡು ಸಾವಿರ: ಕೊಡಗಿನ ಒಂದು ಲೈನ್ ಮನೆಯ ಪ್ರಕರಣ

ನಾನು ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೇಲಿ ಅರ್ಜಿ ಹಾಕ್ಕೊಡೋ ಸೇವಾ ಕೇಂದ್ರ ನಡೆಸ್ತೀನಿ. ಪಿಂಚಣಿ, ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಎಲ್ಲ ನಮ್ಮ ಟೇಬಲ್ ಮೇಲೇ ಬರ್ತದೆ. ಈಗ ಬರೀತಿರೋದು ಒಂದೇ ಒಂದು ಮನೆ ಕತೆ, 2023ರ ಜುಲೈಯಿಂದ ಸುಮಾರು ಎರಡೂವರೆ ವರ್ಷ ನಾನು ಹತ್ತಿರದಿಂದ ನೋಡಿದ್ದು. ಅವ್ರನ್ನ ಕೇಳ್ಕೊಂಡೇ ಬರೀತಿದೀನಿ. ಊರು, ತೋಟ, ಬ್ಯಾಂಕು ಯಾವುದರ ಹೆಸರೂ ಹಾಕಿಲ್ಲ, ಗುರುತು ಸಿಗೋ ಒಂದೆರಡು ವಿಷಯ ಬದಲಾಯಿಸಿದೀನಿ. ಕೆಲಸಕ್ಕೆ ಹೋಗೋ ಹೆಂಗಸನ್ನ ಅಕ್ಕ ಅಂತೀನಿ, ಅವ್ರ ಅತ್ತೆನ ಅಜ್ಜಿ ಅಂತೀನಿ, ತೋಟದವ್ರನ್ನ ಸಾವ್ಕಾರ್ರು ಅಂತೀನಿ, ಅಕ್ಕ ಹಾಗೇ ಕರೆಯೋದು.

ಎಲ್ರಿಗೂ ಖಾತ್ರಿಯಾಗಿ ಒಂದಿಷ್ಟು ದುಡ್ಡು ಕೊಡಬೇಕು ಅನ್ನೋ ವಿಚಾರ ಇನ್ನೂರು ವರ್ಷಕ್ಕಿಂತ ಹಳೇದು, ಅದರ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಿರ್ತೀನಿ. ಓದಿದ್ದಕ್ಕೂ ಈ ಮನೇಲಿ ಆಗಿದ್ದಕ್ಕೂ ತಾಳೆ ಹಾಕಿ ನೋಡಿದಾಗ ಯಾವುದು ಹೊಂದಿತು, ಯಾವುದು ಹೊಂದಲಿಲ್ಲ ಅಂತ ಬರೆದಿಟ್ರೆ ನನ್ನ ಥರ ಅರ್ಜಿ ಹಾಕೋರಿಗೆ, ಅಂಗನವಾಡಿ ಟೀಚರ್‌ಗಳಿಗೆ, ಪಂಚಾಯ್ತಿಯವ್ರಿಗೆ ಉಪಯೋಗಕ್ಕೆ ಬರಬಹುದು.

ಮನೆ, ಕಾರ್ಡು, ಸಾಲ

ಅಕ್ಕ, ಗಂಡ, ಇಬ್ರು ಮಕ್ಳು. ನನ್ನ ಹತ್ರ ಬರೋಕೆ ಸುಮಾರು ಹತ್ತು ವರ್ಷ ಮುಂಚೆ ಹಾಡಿ, ಅಂದ್ರೆ ಕಾಡಂಚಿನ ಬುಡಕಟ್ಟಿನವ್ರ ಕೇರಿ, ಬಿಟ್ಟು ಸಾವ್ಕಾರ್ರ ತೋಟದ ಲೈನ್ ಮನೆಗೆ ಬಂದ್ರು. ಅಜ್ಜಿ ಮಾತ್ರ ಹಾಡೀಲೇ ಉಳೀತು. ರೇಷನ್ ಕಾರ್ಡು ಒಂದೇ, ಅದ್ರಲ್ಲಿ ಐದು ಜನರ ಹೆಸರೂ ಉಂಟು, ಯಜಮಾನಿ ಅಜ್ಜಿ. ಲೈನ್ ಮನೆ ಅಂದ್ರೆ ಗೊತ್ತಿಲ್ಲದೋರಿಗೆ ಹೇಳ್ತೀನಿ, ತೋಟದವ್ರು ಸಾಲಾಗಿ ಕಟ್ಟಿಸಿರೋ ಒಂದೊಂದು ರೂಮಿನ ಮನೆ, ಬಾಡಿಗೆ ಇಲ್ಲ, ಆದ್ರೆ ಆ ತೋಟದ ಕೆಲಸಕ್ಕೆ ಹೋಗ್ತಿರೋ ತನಕ ಮಾತ್ರ. ಹಂಗಾಗಿ ಅಡ್ರೆಸ್ ಪ್ರೂಫ್ ಅಂತ ಕೇಳಿದ್ರೆ ಇವ್ರ ಹತ್ರ ಏನೂ ಇರೋದಿಲ್ಲ.

ಸಾಲದ ಲೆಕ್ಕ ಹೀಗೆ. ಕಾಫಿ ಕುಯ್ಲು ಮುಗಿಯೋದು ಮಾರ್ಚ್ ಹೊತ್ತಿಗೆ. ಆಮೇಲೆ ಕಪಾತು, ಚಿಗುರು ತೆಗೆಯೋದು, ಕಳೆ ಅಂತ ಕೆಲಸ ಉಂಟು ಆದ್ರೆ ದಿನಾ ಇರೋದಿಲ್ಲ, ಜೂನಲ್ಲಿ ಮಳೆ ಹಿಡ್ಕೊಂಡ್ರೆ ವಾರಕ್ಕೆ ಎರಡು ಮೂರು ದಿನ ಸಿಕ್ಕಿದ್ರೆ ಪುಣ್ಯ, ಕಕ್ಕಡದಲ್ಲಂತೂ, ಜುಲೈ-ಆಗಸ್ಟಿನ ಜೋರು ಮಳೆ ತಿಂಗಳಲ್ಲಿ, ಅದೂ ಇಲ್ಲ. ಅದೇ ಟೈಮಲ್ಲಿ ಸ್ಕೂಲ್ ಶುರು, ಜ್ವರ ಶುರು. ಆಗ ಸಾವ್ಕಾರ್ರ ಹತ್ರ ಅಡ್ವಾನ್ಸ್ ತಗೋತಾರೆ. ಮುಂದಿನ ಕುಯ್ಲಿನ ಕೂಲೀಲಿ ಅದನ್ನ ಹಿಡ್ಕೋತಾರೆ, ತೀರೋ ತನಕ ಬೇರೆ ತೋಟಕ್ಕೆ ಹೋಗೋ ಹಂಗಿಲ್ಲ. ಬಡ್ಡಿ ಇಲ್ಲ. ಆದ್ರೆ ಆ ವರ್ಷ ಎಷ್ಟು ಕೂಲಿ, ಕೆ.ಜಿ.ಗೆ ಎಷ್ಟು ಅಂತ ಕೇಳೋ ಬಾಯಿ ಇರೋದಿಲ್ಲ, ನನ್ನ ಲೆಕ್ಕದಲ್ಲಿ ಅದೇ ಬಡ್ಡಿ. 2023ರ ಜುಲೈಯಲ್ಲಿ ಅಕ್ಕ ನನ್ನ ಹತ್ರ ಬಂದಾಗ ಅಡ್ವಾನ್ಸ್ ಬಾಕಿ 14,000 ಇತ್ತು.

ಬಂದಿದ್ದು ಗೃಹಲಕ್ಷ್ಮಿಗೆ. ನೋಂದಣಿ 2023ರ ಜುಲೈ 19ಕ್ಕೆ ಶುರುವಾಯ್ತಲ್ಲ, ಆಮೇಲೆ ಆಗಸ್ಟ್ 30ಕ್ಕೆ ಮೈಸೂರಲ್ಲಿ ಚಾಲನೆ ಕೊಟ್ರು. ಮನೆ ಯಜಮಾನಿಗೆ ತಿಂಗಳಿಗೆ 2,000. ಅಕ್ಕ ಕೇಳಿದ ಮೊದಲ ಪ್ರಶ್ನೆ, "ಅಣ್ಣ, ಯಾವ ತಾರೀಕಿಗೆ ಬರ್ತದೆ?" ನನಗೆ ಗೊತ್ತಿರಲಿಲ್ಲ. ಎಷ್ಟು ಬರ್ತದೆ ಅಂತ ಕೇಳೋರೇ ಜಾಸ್ತಿ, ತಾರೀಕು ಕೇಳಿದ್ದು ಇವ್ರೊಬ್ರೇ, ಅದಕ್ಕೇ ನೆನಪಲ್ಲಿ ಉಳೀತು.

ಯಾರ ಹೆಸರಿಗೆ

ಮೊದಲನೇ ತೀರ್ಮಾನ ಅಲ್ಲೇ ಆಗಬೇಕಿತ್ತು. ಯಜಮಾನಿ ಅಜ್ಜಿ ಆಗಿರೋದ್ರಿಂದ ದುಡ್ಡು ಅಜ್ಜಿ ಖಾತೆಗೆ ಹೋಗ್ತದೆ, ಅಕ್ಕಂಗೆ ಬರೋದಿಲ್ಲ. ದಾರಿ ಮೂರಿತ್ತು. ಕಾರ್ಡಲ್ಲಿ ಯಜಮಾನಿ ಹೆಸರು ಬದಲಾಯಿಸೋದು. ಕಾರ್ಡನ್ನೇ ಎರಡು ಮಾಡೋದು. ಇಲ್ಲಾಂದ್ರೆ ಇದ್ದ ಹಾಗೇ ಬಿಟ್ಟು ಮನೇಲೇ ಒಪ್ಪಂದ ಮಾಡ್ಕೊಳೋದು. ಎರಡನೇದು ಆಗೋ ಹಂಗಿರಲಿಲ್ಲ, ಹೊಸ ಕಾರ್ಡಿಗೆ ಅರ್ಜಿ ತಗೋತಿರಲಿಲ್ಲ, ಮೇಲಾಗಿ ಲೈನ್ ಮನೆ ಅಡ್ರೆಸ್ಸು. ಮೊದಲನೇದಕ್ಕೆ ನಾನೇ ಸಲಹೆ ಕೊಟ್ಟೆ, ಈಗ ಯೋಚಿಸಿದ್ರೆ ಅವಸರ ಮಾಡಿದ್ದೆ ಅನ್ಸುತ್ತೆ. ಅಕ್ಕ ಒಪ್ಪಲಿಲ್ಲ. "ಅತ್ತೆ ಹೆಸರು ತೆಗೆದ್ರೆ ಹಾಡೀಲಿ ಅವ್ರ ಮಾತು ಯಾರು ಕೇಳ್ತಾರೆ ಅಣ್ಣ" ಅಂದ್ರು.

ಯಾರ ಕೈಗೆ ಕೊಡಬೇಕು ಅನ್ನೋದು ಇವತ್ತಿನ ಜಗಳ ಅಲ್ಲ. ಥಾಮಸ್ ಪೇನ್ ಅನ್ನೋ ಇಂಗ್ಲಿಷ್ ಬರಹಗಾರ 1797ರಲ್ಲಿ ಪ್ರಕಟಿಸಿದ ಯೋಜನೇಲಿ ಲೆಕ್ಕ ಆಳಿಗೊಂದು: 21 ವರ್ಷ ತುಂಬಿದ ಪ್ರತಿಯೊಬ್ರಿಗೂ, ಗಂಡಾಗಲಿ ಹೆಣ್ಣಾಗಲಿ, ಒಂದು ಸಲ 15 ಪೌಂಡು, 50 ದಾಟಿದವ್ರಿಗೆ ವರ್ಷಕ್ಕೆ 10 ಪೌಂಡು. ಕಾರಣವೂ ಚೆನ್ನಾಗಿ ಹೇಳಿದ್ದ. ಭೂಮಿ ಮೊದಲು ಎಲ್ರದ್ದೂ ಆಗಿತ್ತು, ಬೇಲಿ ಹಾಕ್ಕೊಂಡವ್ರು ಉಳಿದವ್ರಿಗೆ ಬಾಡಿಗೆ ಕೊಡಬೇಕು, ಇದು ಧರ್ಮ ಅಲ್ಲ, ಹಕ್ಕು ಅಂತ. ಕಾಡಿಂದ ಹಾಡಿಗೆ, ಹಾಡಿಯಿಂದ ಲೈನ್ ಮನೆಗೆ ಬಂದವ್ರ ಊರಲ್ಲಿ ಕೂತು ಇದನ್ನ ಓದಿದಾಗ ನನಗೆ ಸುಮ್ನೆ ಇರೋಕಾಗಲಿಲ್ಲ. ಆದ್ರೆ ಪೇನ್ ಆದ್ಮೇಲೆ ಬಂದ ಸುಮಾರು ಯೋಜನೆಗಳು ಆಳು ಬಿಟ್ಟು ಮನೇನ ಲೆಕ್ಕಕ್ಕೆ ತಗೊಂಡ್ವು. ಇಂಗ್ಲೆಂಡಲ್ಲಿ 1945ರಲ್ಲಿ ಮಕ್ಕಳ ಭತ್ಯೆ ಕಾನೂನು ಬರುವಾಗ ಮಸೂದೇಲಿ ದುಡ್ಡು ಅಪ್ಪನ ಕೈಗೆ ಅಂತಿತ್ತು, ಎಲಿನಾರ್ ರಾತ್‌ಬೋನ್ ಅನ್ನೋ ಸಂಸದೆ ವರ್ಷಗಟ್ಟಲೆ ಹೋರಾಡಿ ಕೊನೆಗೆ ಅದು ಅಮ್ಮನ ಕೈಗೆ ಅಂತ ಆಯ್ತು. ನಮ್ಮ ಯಜಮಾನಿ ನಿಯಮದ ಹಿಂದೇನೂ ಅದೇ ಯೋಚನೆ ಉಂಟು, ಒಳ್ಳೆ ಯೋಚನೆ. ಆದ್ರೆ ಒಂದು ಕಾರ್ಡಲ್ಲಿ ಇಬ್ರು ಹೆಂಗಸ್ರು ಎರಡು ಕಡೆ ಒಲೆ ಹಚ್ತಿದ್ರೆ ಏನು ಅನ್ನೋದಕ್ಕೆ ಅದ್ರಲ್ಲಿ ಉತ್ತರ ಇಲ್ಲ.

ಉತ್ತರ ಅವ್ರೇ ಮಾಡ್ಕೊಂಡ್ರು. ಅಜ್ಜಿ ಹೆಸರಿಗೇ ಇರಲಿ, 500 ಅಜ್ಜಿಗೆ, 1,500 ಲೈನ್ ಮನೆಗೆ.

ಬರದೇ ಇದ್ದ ದುಡ್ಡು

ಸೆಪ್ಟೆಂಬರ್ ಬಂತು, ದುಡ್ಡಿಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೀತು, ಇಲ್ಲ. ನನ್ನ ಸಿಸ್ಟಮಲ್ಲಿ ಅರ್ಜಿ ಮಂಜೂರು ಅಂತ ತೋರಿಸ್ತಾ ಉಂಟು. ಅಜ್ಜಿ ಕೊಟ್ಟ ಪಾಸ್‌ಬುಕ್ಕಲ್ಲಿ ಎಂಟ್ರಿ ಇಲ್ಲ. ಬ್ಯಾಂಕಿಗೆ ಮೂರು ಸಲ ಹೋದ್ರು, ಒಂದು ದಿನದ ಕೂಲಿ, ಆಟೋ ಚಾರ್ಜು ಬೇರೆ. ಅಲ್ಲಿ ಸಿಕ್ಕಿದ ಉತ್ತರ "ಬಂದ್ರೆ ಬರ್ತದೆ". ನನ್ನ ತಪ್ಪೂ ಇದ್ರಲ್ಲಿ ಉಂಟು. ಮಂಜೂರು ಅಂತ ತೋರಿಸಿದ್ಮೇಲೆ ನನ್ನ ಕೆಲಸ ಮುಗೀತು ಅಂತ ಬಿಟ್ಟಿದ್ದೆ.

2024ರ ಫೆಬ್ರವರೀಲಿ ಅಜ್ಜೀನ ಕೂರಿಸ್ಕೊಂಡು ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅಂತ ನೋಡೋಣ ಅಂದೆ. ಹೆಬ್ಬೆಟ್ಟು ಹಿಡೀತಿಲ್ಲ. ಐವತ್ತು ವರ್ಷ ಹಣ್ಣು ಕುಯ್ದು ಕತ್ತಿ ಹಿಡಿದ ಬೆರಳು, ಗೆರೆ ಎಲ್ಲ ಸವೆದು ನುಣ್ಣಗಾಗಿ ಬಿಟ್ಟಿತ್ತು, ಉಗುರಿನ ಸುತ್ತ ಕಾಫಿ ಕಲೆ ಕಪ್ಪಗೆ ಕೂತಿತ್ತು. ಒಂದೊಂದೇ ಬೆರಳು ಇಟ್ಟು ನೋಡ್ತಾ ಬಂದ್ವಿ, ಎಡಗೈ ಉಂಗುರ ಬೆರಳಿಗೆ ಬಂದಾಗ ಅಜ್ಜಿ ತಾನೇ ಬೆರಳನ್ನ ಹಣೆ ಮೇಲೆ, ಕೂದಲಲ್ಲಿ ಉಜ್ಜಿ ಸ್ವಲ್ಪ ಎಣ್ಣೆ ಹತ್ತಿಸ್ಕೊಂಡು ಒತ್ತಿತು, ಹಸಿರು ದೀಪ ಹತ್ತಿತು. ನೋಡಿದ್ರೆ ಆಧಾರ್ ಜೋಡಣೆ ಆಗಿರೋದು ಬೇರೆ ಪೇಟೆಯ ಬೇರೆ ಬ್ಯಾಂಕಿನ ಖಾತೆಗೆ, ಜನಧನ ಶುರುವಾದ ಕಾಲದಲ್ಲಿ ಯಾರೋ ಹಾಡಿಗೆ ಬಂದು ಮಾಡಿಸಿದ್ದು, ಅಜ್ಜಿಗೆ ನೆನಪೇ ಇಲ್ಲ. ಅಲ್ಲಿಗೆ ಐದು ಕಂತು ಬಂದು ಕೂತಿತ್ತು. 10,000.

ಆ ದಿನ ನನ್ನ ಅಂಗಡಿ ಬೆಂಚ್ ಮೇಲೇ ಎರಡನೇ ತೀರ್ಮಾನ ಆಯ್ತು. ಅಕ್ಕಂಗೆ ಹುಡುಗಂಗೆ ಒಂದು ಮೊಬೈಲ್ ತಗೊಳೋ ಆಸೆ ಇತ್ತು. ಅಜ್ಜಿ ಕೇಳಿತು, "ಸಾವ್ಕಾರ್ರಿಗೆ ಎಷ್ಟು ಬಾಕಿ ಉಂಟು?" ಹೇಳಿದ್ರು. "ಎಂಟು ಸಾವಿರ ಅಲ್ಲಿಗೆ ಕೊಟ್ಟು ಬಾ. ಎರಡು ಸಾವಿರ ನನ್ನ ಮಾಡಿಗೆ ಟಾರ್ಪಲ್. ಮೊಬೈಲ್ ಬರೋ ವರ್ಷ ಇರ್ತದೆ." ಅಷ್ಟೇ ಮಾತು. ಉಳಿದ 6,000 ಅದೇ ಕುಯ್ಲಿನ ಕೂಲೀಲಿ ಮುರ್ಕೊಂಡು ಮಾರ್ಚ್ ಕೊನೆಗೆ ಬಾಕಿ ಸೊನ್ನೆ ಆಯ್ತು. ಲೈನ್ ಮನೆಗೆ ಬಂದ ಹತ್ತು ವರ್ಷದಲ್ಲಿ ಮೊದಲ ಸಲ.

ಜಗಲಿ ಮೇಲಿನ ಮಾತು

ಸಾವ್ಕಾರ್ರು ಕೆಟ್ಟವ್ರಲ್ಲ. ಆರು ಎಕರೆ ಬೆಳೆಗಾರ್ರು, ಕೆಲಸಕ್ಕೆ ಜನ ಸಿಗದೆ ನಿಜವಾಗ್ಲೂ ಒದ್ದಾಡ್ತಾರೆ. ಅಕ್ಕ ಎಂಟು ಸಾವಿರ ಎಣಿಸಿ ಕೊಟ್ಟಾಗ ನಾನೂ ಯಾವುದೋ ಪಹಣಿ ಕೆಲಸಕ್ಕೆ ಅಲ್ಲೇ ಇದ್ದೆ. ಅಕ್ಕ ಹೋದ್ಮೇಲೆ ಅವ್ರು ಎರಡು ಮಾತು ಹೇಳಿದ್ರು. "ಇನ್ನು ಇವ್ರು ಕೆಲಸಕ್ಕೆ ಬರ್ತಾರಾ ನೋಡು." ಆಮೇಲೆ, "ಸರಕಾರ ಎರಡು ಸಾವಿರ ಕೊಡ್ತದಲ್ಲ, ನಾವ್ಯಾಕೆ ಕೂಲಿ ಜಾಸ್ತಿ ಮಾಡ್ಬೇಕು."

ಈ ಎರಡು ಮಾತಿಗೂ ಇನ್ನೂರು ವರ್ಷದ ಚರಿತ್ರೆ ಉಂಟು. 1795ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಲ್ಲಿ ಸ್ಪೀನ್‌ಹ್ಯಾಮ್‌ಲ್ಯಾಂಡ್ ಅನ್ನೋ ಕಡೆ ನ್ಯಾಯಾಧಿಕಾರಿಗಳು ಸೇರಿ ಒಂದು ಲೆಕ್ಕ ಮಾಡಿದ್ರು, ಬ್ರೆಡ್ ರೇಟ್ ಎಷ್ಟು, ಮನೇಲಿ ಎಷ್ಟು ಜನ ಅಂತ ನೋಡಿ ಕೂಲಿ ಅದಕ್ಕಿಂತ ಕಡಿಮೆ ಆದ್ರೆ ಉಳಿದಿದ್ದನ್ನ ಊರಿನ ತೆರಿಗೆಯಿಂದ ತುಂಬಿಕೊಡೋದು. ಜಮೀನಿನವ್ರು ಹೆಂಗೂ ಊರು ತುಂಬಿಕೊಡ್ತದೆ ಅಂತ ಕೂಲಿ ಇಳಿಸಿದ್ರು, ಜನ ಸೋಮಾರಿಗಳಾದ್ರು ಅಂತ ಹೇಳಿ 1834ರಲ್ಲಿ ಬಡವ್ರ ಕಾನೂನನ್ನೇ ಬಿಗಿ ಮಾಡಿದ್ರು. ಆ ದೂರಿಗೆ ಆಧಾರ ಆಗಿದ್ದ ವರದಿ ಗಟ್ಟಿ ಅಲ್ಲ ಅಂತ 1960ರ ದಶಕದಲ್ಲಿ ಮಾರ್ಕ್ ಬ್ಲಾಗ್ ಅನ್ನೋ ಅರ್ಥಶಾಸ್ತ್ರಜ್ಞ ತೋರಿಸಿದ, ಆದ್ರೂ ಆ ಕತೆ ಸಾಯಲಿಲ್ಲ. 1969ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ನಾಲ್ಕು ಜನರ ಬಡ ಕುಟುಂಬಕ್ಕೆ ವರ್ಷಕ್ಕೆ 1,600 ಡಾಲರ್ ಖಾತ್ರಿ ಕೊಡೋ ಯೋಜನೆ ಮಾಡುವಾಗ ಅವನ ಸಲಹೆಗಾರನೊಬ್ಬ ಇದೇ ಸ್ಪೀನ್‌ಹ್ಯಾಮ್‌ಲ್ಯಾಂಡ್ ಕತೆ ಬರೆದು ಟೇಬಲ್ ಮೇಲೆ ಇಟ್ಟಿದ್ದ. ಯೋಜನೆ 1970ರಲ್ಲಿ ಕೆಳಮನೇಲಿ ಪಾಸಾಗಿ ಸೆನೆಟ್ಟಲ್ಲಿ ಸತ್ತುಹೋಯ್ತು. ಆವತ್ತು ಅಲ್ಲಿ ಕೇಳಿದ ಮಾತೇ ನಮ್ಮ ಕಾಫಿ ತೋಟದ ಜಗಲಿ ಮೇಲೂ ಕೇಳ್ತು ನನಗೆ.

ಕೆಲಸ ಬಿಡ್ತಾರಾ ಅನ್ನೋದನ್ನ ಜನ ಸುಮ್ನೆ ಊಹೆಗೆ ಬಿಡಲಿಲ್ಲ, ಪ್ರಯೋಗ ಮಾಡಿ ನೋಡಿದ್ರು. ಕೆನಡಾದ ಡಾಫಿನ್ ಅನ್ನೋ ಸಣ್ಣ ಊರಲ್ಲಿ 1970ರ ದಶಕದಲ್ಲಿ ಮಿನ್‌ಕಮ್ ಅಂತ ಮಾಡಿದ್ರು, ಆದಾಯ ಒಂದು ಮಟ್ಟಕ್ಕಿಂತ ಇಳಿದ್ರೆ ಸರಕಾರ ತುಂಬಿಕೊಡ್ತಿತ್ತು. 1979ಕ್ಕೆ ದುಡ್ಡು ನಿಲ್ತು, ಕಾಗದವೆಲ್ಲ ಸುಮಾರು 1,800 ಪೆಟ್ಟಿಗೇಲಿ ಕಟ್ಟಿಟ್ರು, ವರದೀನೂ ಆಗಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಎವಲಿನ್ ಫೋರ್ಜೆ ಅನ್ನೋ ಅರ್ಥಶಾಸ್ತ್ರಜ್ಞೆ ಅದನ್ನ ಹುಡುಕಿ, ಆಸ್ಪತ್ರೆ ಲೆಕ್ಕದ ಜೊತೆ ಹೋಲಿಸಿ 2011ರಲ್ಲಿ ಬರೆದ್ರು: ಆಸ್ಪತ್ರೆಗೆ ಸೇರೋರು ಶೇಕಡ 8.5 ಕಡಿಮೆ ಆಗಿದ್ರು, ಮಕ್ಕಳು ಹೈಸ್ಕೂಲಲ್ಲಿ ಜಾಸ್ತಿ ದಿನ ಉಳಿದಿದ್ರು. ನಮ್ಮಲ್ಲೇ ಮಧ್ಯಪ್ರದೇಶದಲ್ಲಿ 2011-12ರಲ್ಲಿ ಸೇವಾ (SEWA) ಅನ್ನೋ ದುಡಿಯೋ ಹೆಂಗಸ್ರ ಸಂಘಟನೆ ಯುನಿಸೆಫ್ ನೆರವಿಂದ ಹಳ್ಳಿಗಳಲ್ಲಿ ತಿಂಗಳಿಗೆ ದೊಡ್ಡವ್ರಿಗೆ 200, ಮಕ್ಕಳಿಗೆ 100 ಕೊಟ್ಟು ನೋಡಿತು, ಆಮೇಲೆ ಅದನ್ನ 300, 150 ಮಾಡಿತು. ಅಲ್ಲಿ ಜನ ಕೆಲಸ ಬಿಡಲಿಲ್ಲ. ಬೇರೆಯವ್ರ ಹೊಲದ ಕೂಲಿ ಕಡಿಮೆ ಮಾಡಿ ತಮ್ಮದೇ ಹೊಲ, ಮೇಕೆ, ಹೊಲಿಗೆ ಅಂತ ತಿರುಗಿದ್ರು, ಸಾಲಕ್ಕೆ ಸಿಕ್ಕಿ ಜೀತದ ಥರ ದುಡೀತಿದ್ದ ಕೆಲವ್ರು ಬಿಡಿಸ್ಕೊಂಡ್ರು.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಸಾವ್ಕಾರ್ರ ಪಿಎಂ ಕಿಸಾನ್ ಇ-ಕೆವೈಸಿ ಮಾಡಿದ್ದೂ ನಾನೇ. 2019ರಿಂದ ವರ್ಷಕ್ಕೆ 6,000, ಮೂರು ಕಂತಲ್ಲಿ. ಅದನ್ನ ತಗೊಂಡು ಅವ್ರು ತೋಟ ಮಾಡೋದು ಬಿಡಲಿಲ್ಲ, ಬಿಡ್ತಾರಾ ಅಂತ ಯಾರೂ ಕೇಳಲೂ ಇಲ್ಲ. ಆ ದುಡ್ಡಿಗೆ ಹೆಸರಲ್ಲಿ ಜಮೀನಿರಬೇಕು, ಹಣ್ಣು ಕುಯ್ಯೋರಿಗೆ ಇಲ್ಲ. ನಮ್ಮ ಮನೆ ಎರಡೂವರೆ ಎಕರೆಗೂ ಸಿಗಲಿಲ್ಲ, ಅದು ಜಮ್ಮಾ ಜಾಗ, ಅಂದ್ರೆ ಕೊಡಗಲ್ಲಿ ತಲೆಮಾರಿಂದ ಕುಟುಂಬಕ್ಕೆ ಬರೋ ಜಮೀನು, ಪಹಣಿ ಇನ್ನೂ ತೀರಿಹೋದ ಪಟ್ಟೇದಾರ್ರ (ಕುಟುಂಬದ ಹಿರಿಯರ) ಹೆಸರಲ್ಲೇ ಉಂಟು. ಯಾರ ಹೆಸರು ಕಾಗದದಲ್ಲಿ ಇಲ್ವೋ ಅವ್ರು ಖಾತ್ರಿಯಿಂದ ಹೊರಗೆ. ಲೈನ್ ಮನೇಲೂ ಇದೇ, ತೋಟದ ಮನೇಲೂ ಇದೇ.

ಅಡ್ವಾನ್ಸ್ ಇಲ್ಲದ ಮಳೆಗಾಲ

2024ರ ಮಳೆಗಾಲ ಪರೀಕ್ಷೆ ಥರ ಬಂತು. ಏಪ್ರಿಲ್, ಮೇ ಎರಡು ತಿಂಗಳಲ್ಲಿ ಅಕ್ಕ 3,000 ಉಳಿಸಿದ್ರು, ಕುಂಡೆ ಹಬ್ಬಕ್ಕೂ ಹೆಚ್ಚು ಖರ್ಚು ಮಾಡಲಿಲ್ಲ. ಜೂನ್ ಕಂತು ಬರಲಿಲ್ಲ. ಜುಲೈಯದ್ದೂ ಬರಲಿಲ್ಲ. ಒದ್ದೆ ಕೊಡೆ ಬಾಗಿಲಲ್ಲಿಟ್ಟು ಮೂರು ಸಲ ಬಂದು ಕೇಳಿದ್ರು, "ತಾರೀಕು ಹೇಳಿದ್ರಾ ಅಣ್ಣ?" ಅವ್ರ ಹತ್ರ ಮಗಳ ಹಳೇ ಕಾಪಿ ಪುಸ್ತಕ ಒಂದಿತ್ತು, ಅದ್ರ ಹಿಂದಿನ ಹಾಳೇಲಿ ಗೆರೆ ಎಳೆದು ಪ್ರತಿ ಕಂತು ಬಂದ ದಿನ ಬರ್ಸಿದ್ರು, ಮಗಳ ಕೈಬರಹ. ಯಾವ ಎರಡು ತಿಂಗಳೂ ಒಂದೇ ತಾರೀಕು ಇರಲಿಲ್ಲ. ಆ ಹಾಳೇನ ನಾನು ಫೋಟೋ ತೆಗೆದು ಇಟ್ಕೊಂಡಿದೀನಿ.

ಆದ್ರೂ ತಡ್ಕೊಂಡ್ರು. ರೇಷನ್ ಅಕ್ಕಿ ಇತ್ತು, ಉಳಿಸಿದ 3,000 ಇತ್ತು, ಸ್ವಸಹಾಯ ಸಂಘದಲ್ಲಿ 2,000 ತಗೊಂಡ್ರು, ಕೆಸ, ಕಳಲೆ, ಅಣಬೆ ಅಂತ ಕಾಡಿನ ಸೊಪ್ಪು ತರಕಾರೀಲೇ ಎಷ್ಟೋ ದಿನ ನಡೀತು. ಸಾವ್ಕಾರ್ರ ಹತ್ರ ಹೋಗಲಿಲ್ಲ. ಆಮೇಲೆ ಬಾಕಿ ಕಂತು ಬಂದಾಗ ಸಂಘದ್ದು ತೀರಿಸಿದ್ರು.

ಇದರ ಫಲ ಕಾಣಿಸಿದ್ದು ಕುಯ್ಲಲ್ಲಿ, ನನ್ನ ಪ್ರಕಾರ ಇಡೀ ಕೇಸಿನ ದೊಡ್ಡ ತಿರುವು ಇದೇ. ರೋಬಸ್ಟಾಗೆ ಆ ವರ್ಷ ಒಳ್ಳೆ ರೇಟ್ ಇತ್ತು, ಹೊರಗಿಂದ ಬಂದ ಕೆಲಸಗಾರ್ರಿಗೆ ಕೆ.ಜಿ. ಲೆಕ್ಕದಲ್ಲಿ ಜಾಸ್ತಿ ಕೊಡ್ತಿದ್ರು, ಲೈನ್ ಮನೆಯವ್ರಿಗೆ ಹಳೇ ದಿನಗೂಲಿ. ಅಡ್ವಾನ್ಸ್ ಇಲ್ಲದ ಕಾರಣ ಅಕ್ಕ ಎಲ್ಲಿಗೆ ಬೇಕಾದ್ರೂ ಹೋಗಬಹುದಿತ್ತು. ಆದ್ರೆ ಹೋದ್ರೆ ಮನೆ ಖಾಲಿ ಮಾಡಬೇಕು. ಗಂಡ ಹೆಂಡ್ತಿ ಕೂತು ಮಾತಾಡಿ ತೀರ್ಮಾನ ಮಾಡಿದ್ರು, ಗಂಡ ಇದೇ ತೋಟದಲ್ಲಿ, ಹಂಗಾಗಿ ಮನೆ ಉಳೀತದೆ, ಅಕ್ಕ ಪಕ್ಕದ ತೋಟಕ್ಕೆ ಕೆ.ಜಿ. ಲೆಕ್ಕಕ್ಕೆ. ಸಾವ್ಕಾರ್ರಿಗೆ ಬೇಜಾರಾಯ್ತು, ಒಂದು ವಾರ ಮಾತಾಡಲಿಲ್ಲ. ಹತ್ತು ದಿನ ಆದ್ಮೇಲೆ ರೈಟರ್‌ನ (ತೋಟದ ಲೆಕ್ಕ ಬರೆಯೋನನ್ನ) ಕಳಿಸಿ, ಅದೇ ರೇಟ್ ನಾವೂ ಕೊಡ್ತೀವಿ, ವಾಪಸ್ ಬಾ ಅಂತ ಹೇಳಿಸಿದ್ರು. ಅಕ್ಕ ವಾಪಸ್ ಬಂದ್ರು. ಆ ಲೈನಿನ ಉಳಿದ ಮೂರು ಮನೆ ಹೆಂಗಸ್ರಿಗೂ ಅದೇ ರೇಟ್ ಸಿಕ್ಕಿತು. ಕೂಲಿ ಇಳೀತದೆ ಅನ್ನೋದು ಸ್ಪೀನ್‌ಹ್ಯಾಮ್‌ಲ್ಯಾಂಡ್ ಕತೆ, ಇಲ್ಲಿ ಏರಿತು. ಅಲ್ಲಿ ಕೂಲಿ ಕಡಿಮೆ ಇದ್ದಷ್ಟೂ ಊರು ಜಾಸ್ತಿ ತುಂಬಿಕೊಡ್ತಿತ್ತು, ಇಲ್ಲಿ 2,000ಕ್ಕೂ ಕೂಲಿಗೂ ಸಂಬಂಧವೇ ಇಲ್ಲ, ದುಡಿದ್ರೂ ಅಷ್ಟೇ, ದುಡೀದಿದ್ರೂ ಅಷ್ಟೇ. ಯೋಜನೆ ಹೆಂಗೆ ಕಟ್ತೀವಿ ಅನ್ನೋದ್ರಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಉಂಟು. ಕಾಫಿ ರೇಟ್ ಬಿದ್ದ ವರ್ಷ ಆಗಿದ್ರೆ ಇದೇ ಫಲ ಬರ್ತಿತ್ತಾ ಅಂದ್ರೆ, ಬರ್ತಿತ್ತು ಅಂತ ನಾನು ಹೇಳಲ್ಲ. ಆದ್ರೆ ಅಡ್ವಾನ್ಸ್ ಇದ್ದಿದ್ರೆ ರೇಟ್ ಎಷ್ಟೇ ಚೆನ್ನಾಗಿದ್ರೂ ಅಕ್ಕ ಪಕ್ಕದ ತೋಟದ ಗೇಟ್ ದಾಟೋ ಹಂಗಿರಲಿಲ್ಲ.

2016-17ರ ಆರ್ಥಿಕ ಸಮೀಕ್ಷೇಲಿ ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವ್ರು ಎಲ್ರಿಗೂ ಕೊಡೋ ಮೂಲ ಆದಾಯದ ಬಗ್ಗೆ ಒಂದು ಅಧ್ಯಾಯನೇ ಬರೆದಿದ್ರು, ತಲೆಗೆ ವರ್ಷಕ್ಕೆ 7,620 ರೂಪಾಯಿ ಅಂತ ಲೆಕ್ಕ ಹಾಕಿ. ಅದಕ್ಕೂ ಮುಂಚೆ 1962ರಲ್ಲೇ ನಮ್ಮ ದೇಶದಲ್ಲಿ ತಲೆಗೆ ತಿಂಗಳಿಗೆ 20 ರೂಪಾಯಿ ಕನಿಷ್ಠ ಅಂತ ಒಂದು ತಜ್ಞರ ಗುಂಪು ಹೇಳಿತ್ತು. ಎಷ್ಟು ಅನ್ನೋದ್ರ ಮೇಲೆ ಇಷ್ಟು ವರ್ಷ ಲೆಕ್ಕ ನಡೆದಿದೆ, ನಡೀಬೇಕು ಕೂಡ. ಯಾವತ್ತು ಬರ್ತದೆ ಅನ್ನೋದ್ರ ಮೇಲೆ ಅಷ್ಟೇ ಗಟ್ಟಿಯಾಗಿ ಮಾತಾಡಿದ್ದು ನಾನು ಓದಿದ್ದು ಕಡಿಮೆ. ಡಾಫಿನ್ ಊರಲ್ಲಿ ಮುಖ್ಯ ಆಗಿದ್ದು ಇದೇ ಅನ್ಸುತ್ತೆ ನನಗೆ, ಬೆಳೆ ಕೈಕೊಟ್ರೆ, ಅಂಗಡಿ ಮುಚ್ಚಿದ್ರೆ ದುಡ್ಡು ಬಂದೇ ಬರ್ತದೆ ಅಂತ ಜನಕ್ಕೆ ಗೊತ್ತಿತ್ತು. ಬರುತ್ತೋ ಇಲ್ವೋ ಅನ್ನೋ 2,000ಕ್ಕೂ ಹತ್ತನೇ ತಾರೀಕು ಬಂದೇ ಬರೋ 2,000ಕ್ಕೂ ಅಕ್ಕನ ಮನೇಲಿ ಬೇರೆ ಬೇರೆ ಬೆಲೆ. ಮೊದಲನೇದ್ರಲ್ಲಿ ಟಾರ್ಪಲ್ ತಗೋಬಹುದು. ಎರಡನೇದನ್ನ ನಂಬ್ಕೊಂಡು ಸಾವ್ಕಾರ್ರಿಗೆ ಬೇಡ ಅನ್ನಬಹುದು.

ಅಜ್ಜಿ ಹೋದ ಮೇಲೆ

2025ರ ಮಳೆಗಾಲದಲ್ಲಿ ಅಜ್ಜಿ ತೀರಿಹೋಯ್ತು. ಎರಡು ದಿನದ ಜ್ವರ. ಹಾಡಿಗೆ ಹೋಗಿದ್ದೆ, ಆ ನೀಲಿ ಟಾರ್ಪಲ್ ಮಾಡಿನ ಮೇಲೆ ಹಂಗೇ ಇತ್ತು.

ಕಾರ್ಡಿನ ಯಜಮಾನಿ ಹೋದ್ರೆ ಗೃಹಲಕ್ಷ್ಮಿ ನಿಲ್ತದೆ. ಮರಣ ಪ್ರಮಾಣಪತ್ರ ಬೇಕು, ಕಾರ್ಡಿಂದ ಹೆಸರು ತೆಗೀಬೇಕು, ಹೊಸ ಯಜಮಾನಿ ಹಾಕ್ಬೇಕು, ಮತ್ತೆ ಅರ್ಜಿ. ಅಜ್ಜಿ ಹೆಸರು ಆಧಾರಲ್ಲಿ ಒಂಥರ, ಕಾರ್ಡಲ್ಲಿ ಒಂಥರ, ಒಂದಕ್ಷರ ವ್ಯತ್ಯಾಸ, ಅದಕ್ಕೇ ಎರಡು ತಿಂಗಳು ಹೋಯ್ತು. 2023ರಲ್ಲಿ ನಾನು ಕೊಟ್ಟ ಸಲಹೆ ಕೇಳಿದ್ರೆ ಈ ತೊಂದರೆ ಇರ್ತಿರಲಿಲ್ಲ ಅಂತ ಯಾರಾದ್ರೂ ಹೇಳಬಹುದು. ಆದ್ರೆ ಆ ಎರಡು ವರ್ಷ ಅಜ್ಜಿ ಹಾಡೀಲಿ ಯಾರ ಮುಂದೂ ಕೈ ಚಾಚಲಿಲ್ಲ, ಬೆಂಚ್ ಮೇಲೆ ಕೂತು ಎಂಟು ಸಾವಿರ ಅಲ್ಲಿಗೆ ಕೊಟ್ಟು ಬಾ ಅಂತ ಹೇಳೋ ಅಧಿಕಾರ ಅದಕ್ಕಿತ್ತು. ನಾನು ಆ ಸಲಹೇನ ಈಗ ಯಾರಿಗೂ ಮೊದಲೇ ಕೊಡೋದಿಲ್ಲ. ಮನೆಯವ್ರನ್ನ ಕೂರಿಸಿ ಕೇಳ್ತೀನಿ. ಮಂಜೂರು ಅಂತ ಬಂದ ಪ್ರತಿ ಅರ್ಜಿಗೂ ಮೊದಲ ಕಂತು ಯಾವ ಖಾತೆಗೆ ಬಿತ್ತು ಅಂತ ನೋಡೋ ತನಕ ಫೈಲ್ ಮುಚ್ಚೋದಿಲ್ಲ. ಹಾಡಿಯವ್ರ ಕಾರ್ಡಲ್ಲಿ, ಆಧಾರಲ್ಲಿ ಹೆಸರು ತಾಳೆ ಆಗ್ತದಾ ಅಂತ ಅವ್ರು ಬೇರೆ ಏನಕ್ಕೋ ಬಂದಾಗ್ಲೇ ನೋಡಿಬಿಡ್ತೀನಿ.

ಈ ಮಧ್ಯೆ ಅಕ್ಕ ಸಾವ್ಕಾರ್ರ ಹತ್ರ ಹೋಗ್ಬೇಕಾಯ್ತು. ಅಜ್ಜಿ ಸಾವಿನ ಕಾರ್ಯದ ಖರ್ಚಿಗೆ. ಅವ್ರು ಹತ್ತು ಸಾವಿರ ಕೊಡ್ತೀನಿ ಅಂದ್ರಂತೆ, ಅಕ್ಕ ಮೂರು ಸಾವಿರ ಸಾಕು ಅಂದ್ರಂತೆ. ಮೂರು ಸಾವಿರಾನ, ಕುಯ್ಲಲ್ಲಿ ಮುರ್ಕೊಳೋದು ಹದಿನೈದು ದಿನದಲ್ಲಿ, ಕೆ.ಜಿ. ರೇಟ್ ಹೋದ ವರ್ಷದ್ದೇ ಅಂತ ಮಗಳ ಕಾಪಿ ಪುಸ್ತಕದ ಅದೇ ಹಿಂದಿನ ಹಾಳೇಲಿ ಬರ್ಸಿ, ಸಾವ್ಕಾರ್ರ ಕೈಲಿ ಸೈನ್ ಹಾಕಿಸ್ಕೊಂಡು ಬಂದಿದ್ರು. ಹೊಸ ಅರ್ಜಿ ಹಾಕೋಕೆ ಬಂದ ದಿನ ಆ ಪುಸ್ತಕ ಟೇಬಲ್ ಮೇಲಿಟ್ಟು ತೋರಿಸಿದ್ರು. ಹೆಬ್ಬೆಟ್ಟು ಒಂದೇ ಸಲಕ್ಕೆ ಹಿಡೀತು. ರಸೀದಿ ಪ್ರಿಂಟ್ ಆಗ್ತಿರುವಾಗ ಮತ್ತೆ ಕೇಳಿದ್ರು, ಯಾವ ತಾರೀಕಿಗೆ ಅಣ್ಣ. ಅರ್ಜಿ ನಂಬರ್ ಬರೆದುಕೊಟ್ಟೆ, ಹದಿನೈದು ದಿನ ಬಿಟ್ಟು ನಾನೇ ನೋಡಿ ಫೋನ್ ಮಾಡ್ತೀನಿ ಅಂದೆ.